ವೆರೈಟಿ ಹಾಲ್ ರಸ್ತೆ: ಕೊಯಮತ್ತೂರಿನ ಹಳೆಯ ಚಿತ್ರಮಂದಿರಗಳ ಚರಿತ್ರೆ ಮತ್ತು ನಮ್ಮ ತರಗತಿ

ತರಗತಿ: 8 ಮತ್ತು 9
ವಿಷಯ: ಕನ್ನಡ, ಸಮಾಜ ವಿಜ್ಞಾನ (ಸ್ಥಳೀಯ ಚರಿತ್ರೆ)
ಅವಧಿ: ನಾಲ್ಕು ಪೀರಿಯಡ್‌ಗಳು ಹಾಗೂ ಒಂದು ವಾರದ ಕ್ಷೇತ್ರಕಾರ್ಯ

ಪಾಠದ ಗುರಿಗಳು

1. ಒಂದು ಊರಿನ ಮನರಂಜನೆಯ ಚರಿತ್ರೆಯು ಆ ಊರಿನ ಉದ್ಯೋಗ, ವಿದ್ಯುತ್ತು, ಭಾಷೆ ಹಾಗೂ ಸಾಮಾಜಿಕ ಸಂಬಂಧಗಳ ಚರಿತ್ರೆಯೂ ಹೌದೆಂಬುದನ್ನು ವಿದ್ಯಾರ್ಥಿಗಳು ಗ್ರಹಿಸುವುದು.
2. ‘ಮೊದಲನೆಯದು’, ‘ಅತಿ ಹಳೆಯದು’ ಎಂಬಂತಹ ಹೇಳಿಕೆಗಳನ್ನು ಪರೀಕ್ಷಿಸುವ ಕ್ರಮವನ್ನು ಕಲಿಯುವುದು.
3. ಹಿರಿಯರ ನೆನಪುಗಳನ್ನು ಸಂಗ್ರಹಿಸಿ, ಕಾಲನಿರ್ಣಯ ಮಾಡಿ, ಶುದ್ಧ ಕನ್ನಡದಲ್ಲಿ ಬರೆಯುವುದು.

1. ಪೀಠಿಕೆ

ಕೊಯಮತ್ತೂರಿನ ರೈಲು ನಿಲ್ದಾಣಕ್ಕೂ ಟೌನ್‌ಹಾಲಿಗೂ ನಡುವಿನ ಹಳೆಯ ಪೇಟೆಯಲ್ಲಿ ‘ವೆರೈಟಿ ಹಾಲ್ ರಸ್ತೆ’ ಎಂಬ ಹೆಸರಿನ ಒಂದು ರಸ್ತೆಯಿದೆ. ಅಂಗಡಿಗಳ ಫಲಕಗಳ ಮೇಲೂ ಅಂಚೆಯ ವಿಳಾಸಗಳಲ್ಲೂ ಆ ಹೆಸರು ದಿನನಿತ್ಯ ಬಳಕೆಯಾಗುತ್ತದೆ. ಆದರೆ ಆ ಹಾಲ್ ಎಲ್ಲಿತ್ತು, ಅದರೊಳಗೆ ಏನು ನಡೆಯುತ್ತಿತ್ತು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಟ್ಟಡದ ಬದುಕು ಮುಗಿದ ಮೇಲೆ ಹೆಸರು ಮಾತ್ರ ಉಳಿದ ಇಂತಹ ಸ್ಥಳಗಳು ಪ್ರತಿಯೊಂದು ಊರಿನಲ್ಲಿಯೂ ಇವೆ.

ತಾಳವಾಡಿ, ಹೊಸೂರು ಹಾಗೂ ನೀಲಗಿರಿಯ ನಮ್ಮ ವಿದ್ಯಾರ್ಥಿಗಳು ಒಂದು ವಿಶೇಷ ಪರಿಸ್ಥಿತಿಯಲ್ಲಿ ಬೆಳೆಯುತ್ತಾರೆ. ಅವರು ಓದುವ ಕನ್ನಡ ಪಠ್ಯದಲ್ಲಿ ಬರುವ ಊರುಗಳು ಹೆಚ್ಚಾಗಿ ಗಡಿಯ ಆಚೆಗಿನವು. ಅವರು ಓದುವ ಸಮಾಜ ವಿಜ್ಞಾನದಲ್ಲಿ ಬರುವ ಊರುಗಳು ರಾಜ್ಯದೊಳಗಿನವಾದರೂ ಅಲ್ಲಿ ಕನ್ನಡಿಗರ ಸುಳಿವು ವಿರಳ. ಹೀಗಾಗಿ ‘ನಮಗೆ ಚರಿತ್ರೆ ಇಲ್ಲ’ ಎಂಬ ಭಾವನೆ ಮಕ್ಕಳಲ್ಲಿ ಸದ್ದಿಲ್ಲದೆ ಬೇರೂರುತ್ತದೆ. ಈ ಭಾವನೆಯನ್ನು ಉಪದೇಶದಿಂದ ಹೋಗಲಾಡಿಸುವುದು ಸಾಧ್ಯವಿಲ್ಲ. ಕಣ್ಣೆದುರಿನ ಒಂದು ವಸ್ತುವಿನ ಚರಿತ್ರೆಯನ್ನು ಬಿಡಿಸಿ ತೋರಿಸಿದರೆ ಸಾಧ್ಯ. ಅಂತಹ ವಸ್ತುವನ್ನಾಗಿ ಇಲ್ಲಿ ಕೊಯಮತ್ತೂರಿನ ಹಳೆಯ ಚಿತ್ರಮಂದಿರಗಳನ್ನು ಆರಿಸಿಕೊಂಡಿದೆ.

ಈ ಆಯ್ಕೆಗೆ ಇನ್ನೊಂದು ಕಾರಣವೂ ಉಂಟು. ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆ ಇಂದಿನದಕ್ಕಿಂತ ಬಹಳ ವಿಸ್ತಾರವಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಅದೇ ಜಿಲ್ಲೆಯಲ್ಲಿತ್ತು. ತಾಳವಾಡಿ ಸೀಮೆಯೂ ಅದರ ಭಾಗವೇ ಆಗಿತ್ತು. ನೇಯ್ಗೆಯನ್ನು ಕಸುಬಾಗಿ ಉಳ್ಳ ಕನ್ನಡ ಮನೆಮಾತಿನ ದೇವಾಂಗರು ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಆದುದರಿಂದ ಈ ಪಟ್ಟಣದ ಚರಿತ್ರೆ ನಮಗೆ ಹೊರಗಿನದಲ್ಲ.

2. ಚಿತ್ರಕ್ಕೆ ಮೊದಲು ರಂಗ

ಚಲನಚಿತ್ರವು ಬರಿದಾದ ನೆಲದ ಮೇಲೆ ಬಂದು ಇಳಿಯಲಿಲ್ಲ. ಅದು ಬರುವ ವೇಳೆಗೆ ದಕ್ಷಿಣದ ಪಟ್ಟಣಗಳಲ್ಲಿ ಹಣ ಕೊಟ್ಟು ಆಟ ನೋಡುವ ರೂಢಿ ಬೆಳೆದಿತ್ತು. ಹಳ್ಳಿಯ ಬಯಲಾಟ, ತೆರುಕ್ಕೂತ್ತುಗಳಿಗೆ ಹಣ ಕೊಟ್ಟು ಪ್ರವೇಶ ಪಡೆಯುವ ಪದ್ಧತಿ ಇರಲಿಲ್ಲ. ಊರು ಕೂಡಿ ಆಡಿಸುತ್ತಿತ್ತು, ಊರೆಲ್ಲ ನೋಡುತ್ತಿತ್ತು. ವೃತ್ತಿ ನಾಟಕ ಕಂಪನಿಗಳು ತಗಡಿನ ಮಾಡು, ಬಣ್ಣದ ಪರದೆ, ಟಿಕೆಟು, ಕುರ್ಚಿ ಇವುಗಳನ್ನು ತಂದುವು.

ಈ ರಂಗಭೂಮಿಗೆ ಭಾಷೆಯ ಗೋಡೆಗಳು ತೆಳುವಾಗಿದ್ದುವು. ಎರಡು ನಿದರ್ಶನಗಳನ್ನು ತರಗತಿಯಲ್ಲಿ ಹೇಳಬಹುದು. ಮೊದಲನೆಯದು ಬಳ್ಳಾರಿಯದು. ಧರ್ಮಾವರಂ ಕೃಷ್ಣಮಾಚಾರ್ಯರ ಸರಸ ವಿನೋದಿನೀ ಸಭೆಯು ಬಳ್ಳಾರಿಯಿಂದ ಮದರಾಸಿಗೆ ಹೋಗಿ ತೆಲುಗು ನಾಟಕಗಳನ್ನು ಆಡಿತು. ಅದನ್ನು ನೋಡಿದ ಪಮ್ಮಲ್ ಸಂಬಂಧ ಮುದಲಿಯಾರರು ಪ್ರೇರಣೆ ಪಡೆದು 1891ರಲ್ಲಿ ಸುಗುಣ ವಿಲಾಸ ಸಭೆಯನ್ನು ಸ್ಥಾಪಿಸಿದರು. ಆಧುನಿಕ ತಮಿಳು ರಂಗಭೂಮಿಯ ಮುಖ್ಯ ಸಂಸ್ಥೆಗಳಲ್ಲಿ ಅದೂ ಒಂದಾಯಿತು. ಎರಡನೆಯದು ಗುಬ್ಬಿ ಕಂಪನಿಯದು. 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ನಾಯಕತ್ವದಲ್ಲಿ ಬೆಳೆದ ಈ ಕಂಪನಿಯು ಕನ್ನಡ ನಾಡಿನ ಹೊರಗೂ ಬಿಡಾರ ಹೂಡುತ್ತಿತ್ತು. ತಮಿಳು, ತೆಲುಗು ನಾಟಕಗಳನ್ನೂ ಆಡುತ್ತಿತ್ತು. ಊರಿನ ಮಾತಿಗೆ ತಕ್ಕಂತೆ ನಾಟಕದ ಮಾತನ್ನು ಬದಲಿಸಬಲ್ಲ ನಟರು ಅಲ್ಲಿದ್ದರು.

ಮುಂದೆ ಚಿತ್ರಮಂದಿರಗಳಾದ ಕಟ್ಟಡಗಳಲ್ಲಿ ಹಲವು ಮೊದಲು ನಾಟಕ ಶಾಲೆಗಳಾಗಿದ್ದುವು. ಬೆಂಗಳೂರಿನ ದೊಡ್ಡಣ್ಣ ಹಾಲ್ ನಾಟಕಗಳಿಂದ ಹೆಸರಾಗಿ ತರುವಾಯ ಪ್ಯಾರಾಮೌಂಟ್ ಟಾಕೀಸ್ ಆಯಿತು. ಊಟಿಯ ಅಸೆಂಬ್ಲಿ ರೂಮ್ಸ್ ಎಂಬ ಕಟ್ಟಡವೂ ನೃತ್ಯ, ನಾಟಕಗಳ ನೆಲೆಯಾಗಿದ್ದು ಅನಂತರ ಚಲನಚಿತ್ರಕ್ಕೆ ಒದಗಿತು.

3. ರೈಲ್ವೆ ಗುಮಾಸ್ತನ ಡೇರೆ

ಭಾರತದಲ್ಲಿ ಚಲನಚಿತ್ರದ ಮೊದಲ ಪ್ರದರ್ಶನವು 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಡೆಯಿತು. ಬಳಿಕ ಒಂದು ದಶಕದ ಕಾಲ ಚಿತ್ರವೆಂಬುದು ಊರೂರು ಅಲೆಯುವ ವಸ್ತುವಾಗಿತ್ತು. ಯೂರೋಪಿನ ಪ್ರದರ್ಶಕರು ಯಂತ್ರವನ್ನೂ ಸುರುಳಿಗಳನ್ನೂ ಹೊತ್ತು ಹಡಗಿನಲ್ಲಿ ಬಂದು, ರೈಲಿನಲ್ಲಿ ಸಂಚರಿಸಿ ಹೋಗುತ್ತಿದ್ದರು.

ಹಾಗೆ ಬಂದವರಲ್ಲಿ ದ್ಯುಪಾಂ ಎಂಬ ಫ್ರೆಂಚ್ ಪ್ರದರ್ಶಕನೊಬ್ಬ. 1905ರಲ್ಲಿ ತಿರುಚ್ಚಿರಾಪಳ್ಳಿಯಲ್ಲಿದ್ದಾಗ ಕಾಯಿಲೆಯಿಂದ ಬಳಲಿ, ತನ್ನ ಸಾಮಗ್ರಿಯನ್ನು ಮಾರಿ ಸ್ವದೇಶಕ್ಕೆ ಮರಳಲು ಬಯಸಿದ. ಅದನ್ನು ಕೊಂಡವರು ಅಲ್ಲಿ ರೈಲ್ವೆಯಲ್ಲಿ ಕೆಲಸದಲ್ಲಿದ್ದ, ಕೊಯಮತ್ತೂರಿನ ಸ್ವಾಮಿಕ್ಕಣ್ಣು ವಿನ್ಸೆಂಟ್ (1883–1942). ಆಗ ಅವರಿಗೆ ತಿಂಗಳಿಗೆ 25 ರೂಪಾಯಿ ಸಂಬಳವೆಂದೂ ಯಂತ್ರ ಮತ್ತು ಚಿತ್ರಗಳಿಗೆ ಅವರು ಕೊಟ್ಟ ಬೆಲೆ 2,250 ರೂಪಾಯಿಯೆಂದೂ ಅವರ ಜೀವನವನ್ನು ಕುರಿತ ಬರಹಗಳು ಹೇಳುತ್ತವೆ. ವಿದ್ಯಾರ್ಥಿಗಳಿಂದ ಇಲ್ಲಿ ಒಂದು ಭಾಗಾಕಾರ ಮಾಡಿಸಬೇಕು. 2,250ನ್ನು 25ರಿಂದ ಭಾಗಿಸಿದರೆ 90; ಅಂದರೆ ಏಳೂವರೆ ವರ್ಷಗಳ ಪೂರ್ಣ ಸಂಬಳ. ಇಪ್ಪತ್ತೆರಡು ವರ್ಷದ ಯುವಕನೊಬ್ಬ ಸಾಲಸೋಲ ಮಾಡಿ ಅಷ್ಟು ಹಣವನ್ನು ಯಾರೂ ಅರಿಯದ ಒಂದು ಉದ್ಯಮದಲ್ಲಿ ಹಾಕಿದನೆಂಬುದು ಆಗ ಮಕ್ಕಳಿಗೆ ತಾನಾಗಿಯೇ ಅರ್ಥವಾಗುತ್ತದೆ.

ಕೊಂಡ ಚಿತ್ರಗಳಲ್ಲಿ ಯೇಸುವಿನ ಜೀವನವನ್ನು ಕುರಿತ ಚಿತ್ರವೊಂದು ಮುಖ್ಯವಾದುದು. ವಿನ್ಸೆಂಟರು ಡೇರೆಯನ್ನು ಹೊತ್ತು ಸಂಚಾರ ಹೊರಟರು. ದಕ್ಷಿಣದ ಪಟ್ಟಣಗಳನ್ನು ಸುತ್ತಿ, ಉತ್ತರದಲ್ಲಿ ಪೇಶಾವರದವರೆಗೂ ಪೂರ್ವದಲ್ಲಿ ರಂಗೂನಿನವರೆಗೂ ಹೋದರು. 1909ರಲ್ಲಿ ಮದರಾಸಿನ ಎಸ್‌ಪ್ಲನೇಡ್ ಬಳಿ ‘ಎಡಿಸನ್ಸ್ ಗ್ರ್ಯಾಂಡ್ ಸಿನಿಮಾಮೆಗಾಫೋನ್’ ಎಂಬ ಹೆಸರಿನಲ್ಲಿ ಡೇರೆ ಹಾಕಿದರು. ಅನಂತರ ಪಾಥೆ ಕಂಪನಿಯ ಪ್ರೊಜೆಕ್ಟರುಗಳ ಮಾರಾಟವನ್ನೂ ಕೈಗೊಂಡರು. ಹೀಗೆ ಪ್ರದರ್ಶಕರಾಗಿದ್ದವರು ಇತರ ಪ್ರದರ್ಶಕರನ್ನು ಸೃಷ್ಟಿಸುವವರಾದರು.

ಡೇರೆಯು ರೈಲನ್ನು ಹಿಂಬಾಲಿಸಿತೆಂಬುದನ್ನು ಭೂಪಟದ ಸಹಾಯದಿಂದ ತೋರಿಸಬಹುದು. ಭಾರವಾದ ಯಂತ್ರವನ್ನು ಸಾಗಿಸಲು ರೈಲು ಬೇಕು. ಪ್ರತಿದಿನವೂ ಹೊಸ ಪ್ರೇಕ್ಷಕರು ದೊರೆಯಲು ಸಂತೆ, ಜಾತ್ರೆ, ಜಂಕ್ಷನ್ನುಗಳು ಬೇಕು. ಘಟ್ಟದ ಮೇಲಿನ ತಾಳವಾಡಿಯಂತಹ ಊರುಗಳಿಗೆ ಬಯೋಸ್ಕೋಪು ತಡವಾಗಿ ತಲುಪಿದುದಕ್ಕೆ ಇದೇ ಕಾರಣ.

4. ವೆರೈಟಿ ಹಾಲ್

1914ರಲ್ಲಿ ವಿನ್ಸೆಂಟರು ಸಂಚಾರವನ್ನು ಬಿಟ್ಟು ತಮ್ಮ ಊರಿನಲ್ಲಿ ಸ್ಥಿರವಾದ ಕಟ್ಟಡವನ್ನು ಕಟ್ಟಿಸಿದರು. ಅದೇ ವೆರೈಟಿ ಹಾಲ್. ಮುಂದೆ ಅದು ಡಿಲೈಟ್ ಚಿತ್ರಮಂದಿರವೆಂದು ಹೆಸರಾಯಿತು.

‘ವೆರೈಟಿ’ ಎಂಬ ಹೆಸರೇಕೆ? ಈ ಪ್ರಶ್ನೆಯೇ ಪಾಠದ ಕೇಂದ್ರವಾಗಬೇಕು. 1913ರ ಮೇ 3ರಂದು ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಬಿಡುಗಡೆಯಾದುದು ಮುಂಬಯಿಯ ಗಿರಗಾಂವಿನ ಕಾರೋನೇಶನ್ ಸಿನಿಮಾಟೋಗ್ರಾಫ್ ಅಂಡ್ ವೆರೈಟಿ ಹಾಲಿನಲ್ಲಿ. ಅಂದರೆ ಆ ಕಾಲದ ಸಭಾಂಗಣಗಳು ಚಿತ್ರವೊಂದನ್ನೇ ನಂಬಿ ನಿಂತಿರಲಿಲ್ಲ. ಮೂಕಚಿತ್ರದ ಸುರುಳಿಗಳು ಚಿಕ್ಕವು. ಒಂದು ಸುರುಳಿಗೂ ಮತ್ತೊಂದಕ್ಕೂ ನಡುವೆ ನೃತ್ಯ, ಹಾಸ್ಯ, ಇಂದ್ರಜಾಲ, ಕುಸ್ತಿ, ಹಾಡು ಮುಂತಾದವುಗಳನ್ನು ಏರ್ಪಡಿಸುವುದು ದಕ್ಷಿಣದ ಮಂದಿರಗಳಲ್ಲಿ ವಾಡಿಕೆಯಾಗಿತ್ತು. ಚಿತ್ರ ನಡೆಯುತ್ತಿರುವಾಗ ಹಾರ್ಮೋನಿಯಂ, ತಬಲ ನುಡಿಯುತ್ತಿದ್ದುವು. ಕಥೆಯನ್ನು ಗಟ್ಟಿಯಾಗಿ ವಿವರಿಸುವವನೊಬ್ಬ ಪರದೆಯ ಪಕ್ಕದಲ್ಲಿ ನಿಲ್ಲುತ್ತಿದ್ದ. ಪರದೆಯ ಮೇಲಿನ ಶೀರ್ಷಿಕೆಗಳನ್ನು ಓದಲಾರದ ಪ್ರೇಕ್ಷಕರಿಗೆ ಆತನೇ ಓದುಗ, ಆತನೇ ಭಾಷಾಂತರಕಾರ. ಹರಿಕಥೆ, ತಾಳಮದ್ದಳೆಗಳ ಅರ್ಥಗಾರಿಕೆಯನ್ನು ಬಲ್ಲ ನಮ್ಮ ಮಕ್ಕಳಿಗೆ ಈ ವ್ಯಕ್ತಿಯ ಕೆಲಸ ಸುಲಭವಾಗಿ ಮನಸ್ಸಿಗೆ ಬರುತ್ತದೆ.

ಮೂಕಚಿತ್ರಕ್ಕೆ ಮಾತೃಭಾಷೆ ಇರಲಿಲ್ಲ. ತಮಿಳಿನವರು, ಕನ್ನಡದವರು, ತೆಲುಗಿನವರು, ಮಲೆಯಾಳದವರು ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಚಿತ್ರವನ್ನು ನೋಡಿದರು. ನಾಲ್ಕು ಭಾಷೆಗಳ ಸಂಧಿಯಲ್ಲಿದ್ದ ಕೊಯಮತ್ತೂರಿನಂತಹ ಪಟ್ಟಣಕ್ಕೆ ಇದು ಬಹಳ ಹೊಂದುವ ಮನರಂಜನೆಯಾಗಿತ್ತು.

ಸ್ಥಿರವಾದ ಮಂದಿರಕ್ಕೆ ಸ್ಥಿರವಾದ ವಿದ್ಯುತ್ತು ಬೇಕು. ಪಟ್ಟಣದಲ್ಲಿ ಸಾರ್ವಜನಿಕ ವಿದ್ಯುತ್ ಸರಬರಾಜು ಬೆಳೆಯುವ ಮೊದಲೇ ವಿನ್ಸೆಂಟರು ಎಂಜಿನ್ ಇಟ್ಟುಕೊಂಡು ತಾವೇ ವಿದ್ಯುತ್ತನ್ನು ಉತ್ಪಾದಿಸಿದರು. ರಾತ್ರಿ ಚಿತ್ರಕ್ಕೆ ಒದಗುವ ವಿದ್ಯುತ್ತು ಹಗಲಿನಲ್ಲಿ ಸುಮ್ಮನಿರಬೇಕೇಕೆ? ವಿದ್ಯುತ್ತಿನಿಂದ ನಡೆಯುವ ಅಚ್ಚುಕೂಟ, ಹಿಟ್ಟಿನ ಗಿರಣಿ ಮುಂತಾದವುಗಳನ್ನೂ ಅವರು ಆರಂಭಿಸಿದರು. ಮನರಂಜನೆಗಾಗಿ ಬಂದ ಯಂತ್ರವು ಊರಿನ ಕೈಗಾರಿಕೆಗೂ ದಾರಿ ತೋರಿದ ಬಗೆ ಇದು.

5. ‘ಮೊದಲನೆಯದು’ ಎಂಬ ಮಾತಿನ ಪರೀಕ್ಷೆ

ವೆರೈಟಿ ಹಾಲನ್ನು ‘ದಕ್ಷಿಣ ಭಾರತದ ಮೊದಲ ಸ್ಥಿರ ಚಿತ್ರಮಂದಿರ’ ಎಂದು ಹಲವೆಡೆ ಬರೆಯಲಾಗಿದೆ. ಇದನ್ನು ಶಿಕ್ಷಕರು ಹಾಗೆಯೇ ಹಲಗೆಯ ಮೇಲೆ ಬರೆದುಬಿಡಬಾರದು. ಮದರಾಸಿನ ಮೌಂಟ್ ರೋಡಿನಲ್ಲಿ ವಾರ್ವಿಕ್ ಮೇಜರ್ ಎಂಬವನು ಸ್ಥಾಪಿಸಿದ ಎಲೆಕ್ಟ್ರಿಕ್ ಥಿಯೇಟರ್ ಇದಕ್ಕೆ ಹಿಂದಿನದು. ಅದರ ಕಟ್ಟಡ ಇಂದಿಗೂ ಅಂಚೆ ಇಲಾಖೆಯ ವಶದಲ್ಲಿ ಉಳಿದಿದ್ದು, ಅಂಚೆಚೀಟಿ ಸಂಗ್ರಾಹಕರ ಕೇಂದ್ರವಾಗಿದೆ. ಹಳೆಯ ಬರಹಗಳು ಅದರ ಕಾಲವನ್ನು 1900 ಎಂದರೆ ಅನಂತರದ ಸಂಶೋಧನೆ 1913 ಎನ್ನುತ್ತದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಅದು 1914ಕ್ಕೆ ಹಿಂದಿನದೇ. ಹಾಗಾದರೆ ‘ಭಾರತೀಯನ ಒಡೆತನದ ಮೊದಲ ಮಂದಿರ’ ಎನ್ನೋಣವೇ? ರಘುಪತಿ ವೆಂಕಯ್ಯನವರು ಮದರಾಸಿನಲ್ಲಿ ಗೆಯಿಟಿ ಮಂದಿರವನ್ನು ಕಟ್ಟಿಸಿದುದೂ ಅದೇ 1914ರ ಸುಮಾರಿಗೆ.

ಇದರಿಂದ ವೆರೈಟಿ ಹಾಲಿನ ಮಹತ್ವ ಕಡಿಮೆಯಾಗುವುದಿಲ್ಲ. ‘ರಾಜಧಾನಿಯ ಹೊರಗೆ, ಜಿಲ್ಲಾ ಪಟ್ಟಣವೊಂದರಲ್ಲಿ, ಆ ಊರಿನವನೇ ಕಟ್ಟಿಸಿದ, ದಕ್ಷಿಣದ ಅತಿ ಹಳೆಯ ಸ್ಥಿರ ಚಿತ್ರಮಂದಿರಗಳಲ್ಲೊಂದು’ ಎಂದು ಬರೆದರೆ ಮಾತು ಉದ್ದವಾಗುತ್ತದೆ, ಆದರೆ ನಿಜವಾಗುತ್ತದೆ. ಗಡಿನಾಡಿನ ನಾವು ನಮ್ಮ ಊರು, ನಮ್ಮ ಭಾಷೆಗಳ ಹಿರಿಮೆಯನ್ನು ಹೇಳುವಾಗ ಉತ್ಸಾಹದಲ್ಲಿ ‘ಮೊದಲನೆಯದು’, ‘ಏಕೈಕ’ ಎಂಬ ಪದಗಳಿಗೆ ಬೇಗ ಮನಸೋಲುತ್ತೇವೆ. ಒಂದು ತಪ್ಪು ಹೇಳಿಕೆ ಬಯಲಾದರೆ ನಿಜವಾದ ಹತ್ತು ಹೇಳಿಕೆಗಳೂ ಸಂಶಯಕ್ಕೆ ಒಳಗಾಗುತ್ತವೆ. ಈ ಎಚ್ಚರಿಕೆಯನ್ನು ಎಳೆಯ ವಯಸ್ಸಿನಲ್ಲಿಯೇ ಕಲಿಸುವುದು ಚರಿತ್ರೆಯ ಶಿಕ್ಷಕನ ಕರ್ತವ್ಯ.

6. ಚಿತ್ರಕ್ಕೆ ಮಾತು ಬಂದ ಮೇಲೆ

1931ರ ಮಾರ್ಚ್ 14ರಂದು ಹಿಂದಿಯ ‘ಆಲಂ ಆರಾ’, ಅದೇ ವರ್ಷದ ಅಕ್ಟೋಬರ್ 31ರಂದು ತಮಿಳಿನ ‘ಕಾಳಿದಾಸ್’ ತೆರೆಕಂಡುವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬಿಡುಗಡೆಯಾಯಿತು. ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ. ಕನ್ನಡ ವಾಕ್ಚಿತ್ರದ ಮೊದಲ ಹೆಜ್ಜೆಯೇ ಮರಾಠಿ ಸೀಮೆಯ ಸ್ಟುಡಿಯೋದಲ್ಲಿ ಎಂಬುದನ್ನು ಗಮನಿಸಬೇಕು.

ಮಾತು ಬಂದೊಡನೆ ಪ್ರೇಕ್ಷಕರು ಭಾಷೆಯ ಆಧಾರದಿಂದ ಬೇರ್ಪಟ್ಟರು. ಚಿತ್ರ ವಿವರಿಸುವವನಿಗೆ, ಹಾರ್ಮೋನಿಯಂ ನುಡಿಸುವವನಿಗೆ ಕೆಲಸ ಇಲ್ಲವಾಯಿತು. ಕೊಯಮತ್ತೂರಿನ ಮಂದಿರಗಳು ಸಹಜವಾಗಿ ತಮಿಳಿನತ್ತ ವಾಲಿದುವು. ಮನೆಯಲ್ಲಿ ಕನ್ನಡವಾಡುವ ನೇಕಾರ ಕುಟುಂಬಗಳು ಪರದೆಯ ಮೇಲಿನ ತಮಿಳನ್ನು ಕೇಳುತ್ತ ಬೆಳೆದುವು. ಇದನ್ನು ನಷ್ಟವೆಂದಷ್ಟೇ ಹೇಳುವುದು ಸರಿಯಲ್ಲ; ಎರಡು ಭಾಷೆಗಳಲ್ಲಿ ಸಲೀಸಾಗಿ ಬದುಕುವ ಜನರು ರೂಪುಗೊಂಡ ಕಾಲವೂ ಅದೇ. ಆದರೆ ಕನ್ನಡವು ಮನೆಯ ಮಾತಾಗಿ ಒಳಗೆ ಉಳಿದು, ಪೇಟೆಯ ಮಾತಾಗಿ ಹೊರಗೆ ಬಾರದೆ ಹೋದುದಕ್ಕೆ ಇಂತಹ ಸಣ್ಣ ಕಾರಣಗಳೂ ಸೇರಿವೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು.

1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಕೊಯಮತ್ತೂರಿಗೆ ಹರಿಯಿತು. 1888ರಲ್ಲಿ ಒಂದು ಗಿರಣಿಯಿಂದ ಆರಂಭವಾಗಿದ್ದ ಹತ್ತಿಯ ಉದ್ಯಮ ಈಗ ವೇಗವಾಗಿ ಬೆಳೆಯಿತು. ಕೈಯಲ್ಲಿ ಕೂಲಿಯ ಹಣವುಳ್ಳ, ಪಾಳಿ ಮುಗಿದ ಮೇಲೆ ಬಿಡುವುಳ್ಳ ಸಾವಿರಾರು ಕಾರ್ಮಿಕರು ಪಟ್ಟಣಕ್ಕೆ ಬಂದರು. ರಾಯಲ್, ರೇನ್‌ಬೋ, ಕರ್ನಾಟಿಕ್, ಸೆಂಟ್ರಲ್ ಮುಂತಾದ ಮಂದಿರಗಳ ಹೆಸರುಗಳು ಪಟ್ಟಣದ ಹಿರಿಯರ ನೆನಪಿನಲ್ಲಿವೆ.

ಚಿತ್ರವನ್ನು ತೋರಿಸುತ್ತಿದ್ದ ಪಟ್ಟಣ ಚಿತ್ರವನ್ನು ತಯಾರಿಸಲೂ ತೊಡಗಿತು. 1930ರ ದಶಕದ ನಡುವಿನಲ್ಲಿ ಸಿಂಗಾನಲ್ಲೂರಿನಲ್ಲಿ ಸೆಂಟ್ರಲ್ ಸ್ಟುಡಿಯೋಸ್ ಸ್ಥಾಪಿತವಾಯಿತು. ಅದರ ಸ್ಥಾಪಕರಲ್ಲಿ ವಿನ್ಸೆಂಟರೂ ಒಬ್ಬರು. ತ್ಯಾಗರಾಜ ಭಾಗವತರು ನಟಿಸಿದ, 1944ರಲ್ಲಿ ಬಿಡುಗಡೆಯಾದ ‘ಹರಿದಾಸ್’ ತಯಾರಾದುದು ಅಲ್ಲಿಯೇ. ಎಸ್. ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋವೂ ಇದೇ ಪಟ್ಟಣದ್ದು. ಅಲ್ಲಿಂದ ಹೊರಬಂದ ‘ಮಲೈಕ್ಕಳ್ಳನ್’ (1954) ಕಥೆ ಹಲವು ಭಾಷೆಗಳಿಗೆ ಹೋಯಿತು. ಕನ್ನಡದಲ್ಲಿ ಅದು ‘ಬೆಟ್ಟದ ಕಳ್ಳ’ (1957) ಆಯಿತು.

ಇದೇ ಜಿಲ್ಲೆಯ ಘಟ್ಟದ ಮೇಲೆ, ತಾಳವಾಡಿ ಸೀಮೆಯ ಗಾಜನೂರಿನಲ್ಲಿ, 1929ರ ಏಪ್ರಿಲ್ 24ರಂದು ಮುತ್ತುರಾಜ ಎಂಬ ಬಾಲಕ ಜನಿಸಿದ. ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಬಾಲ್ಯದಲ್ಲಿಯೇ ಆತನೂ ಕಂಪನಿಯ ರಂಗವನ್ನೇರಿದ. 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ಎಂದು ನಾಡಿಗೆಲ್ಲ ಪರಿಚಿತರಾದರು. ಆ ಕಥೆಯೂ ಮೊದಲು ನಾಟಕವಾಗಿ ಹೆಸರು ಪಡೆದುದೇ. ಡೇರೆಯ ಕಂಪನಿ ನಾಟಕ, ಅದರಿಂದ ಚಿತ್ರ, ಚಿತ್ರದಿಂದ ಇಡೀ ನಾಡಿನ ಮಾತು ಎಂಬ ಈ ಸರಣಿಯಲ್ಲಿ ನಮ್ಮ ಗಡಿಯ ಒಂದು ಹಳ್ಳಿ ಆರಂಭದ ಕೊಂಡಿಯಾಗಿದೆ. ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದರಾಸಿನಲ್ಲಿ ಉಳಿಯಿತು. 1979ರಲ್ಲಿ ಹೊಸ ಜಿಲ್ಲೆ ಏರ್ಪಟ್ಟು ತಾಳವಾಡಿ ಇಂದು ಈರೋಡಿಗೆ ಸೇರಿದೆ. ಗೆರೆಗಳು ಬದಲಾದುವು, ಹುಟ್ಟಿದ ನೆಲ ಬದಲಾಗಲಿಲ್ಲ.

7. ಸುರುಳಿಯ ಲೆಕ್ಕ

ಗಣಿತ ಶಿಕ್ಷಕರ ಸಹಕಾರದಿಂದ ಈ ಭಾಗವನ್ನು ಮಾಡಿಸಬಹುದು. 35 ಮಿ.ಮೀ. ಚಿತ್ರಸುರುಳಿಯ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ. ಮೂಕಚಿತ್ರವನ್ನು ಕೈಯಿಂದ ತಿರುಗಿಸುವಾಗ ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳು ಓಡುತ್ತಿದ್ದುವು. ಅಂದರೆ ಸೆಕೆಂಡಿಗೆ ಒಂದು ಅಡಿ. 1,000 ಅಡಿಯ ಒಂದು ರೀಲು 16 ನಿಮಿಷ 40 ಸೆಕೆಂಡಿನಲ್ಲಿ ಮುಗಿಯುತ್ತದೆ. ವಾಕ್ಚಿತ್ರದಲ್ಲಿ ವೇಗ ಸೆಕೆಂಡಿಗೆ 24 ಚೌಕಟ್ಟು. ಅಂದರೆ ಒಂದೂವರೆ ಅಡಿ. ಅದೇ ರೀಲು ಈಗ ಸುಮಾರು 11 ನಿಮಿಷದಲ್ಲಿ ಮುಗಿಯುತ್ತದೆ. ಹಾಗಾದರೆ ಎರಡೂವರೆ ಗಂಟೆಯ ಚಿತ್ರಕ್ಕೆ ಎಷ್ಟು ಅಡಿ, ಎಷ್ಟು ರೀಲು ಬೇಕು? (13,500 ಅಡಿ, 14 ರೀಲು.)

ಈ ಲೆಕ್ಕದಿಂದ ಒಂದು ಸಾಮಾಜಿಕ ಸಂಗತಿಯೂ ತಿಳಿಯುತ್ತದೆ. ಟೂರಿಂಗ್ ಟಾಕೀಸುಗಳಲ್ಲಿ ಒಂದೇ ಪ್ರೊಜೆಕ್ಟರ್ ಇರುವುದು ಸಾಮಾನ್ಯವಾಗಿತ್ತು. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಕಡಲೆಕಾಯಿ, ಸೋಡ ಮಾರುವವರಿಗೆ ಅದೇ ಸಂಪಾದನೆಯ ವೇಳೆ. ಎರಡು ಪ್ರೊಜೆಕ್ಟರುಗಳ ಪಟ್ಟಣದ ಮಂದಿರದಲ್ಲಿ ಆ ಬಿಡುವು ಒಂದಕ್ಕೆ ಇಳಿಯಿತು.

ಹಳೆಯ ಚಿತ್ರಸುರುಳಿಗಳು ನೈಟ್ರೇಟಿನವು. ಬಹಳ ಬೇಗ ಹೊತ್ತಿಕೊಳ್ಳುವಂತಹವು. ಬೆಳಕಿಗಾಗಿ ಬಳಸುತ್ತಿದ್ದ ಕಾರ್ಬನ್ ಕಡ್ಡಿಗಳ ಉರಿ ಬಹಳ ತೀಕ್ಷ್ಣವಾದುದು. ಪ್ರೊಜೆಕ್ಟರ್ ಕೋಣೆಯನ್ನು ಪ್ರತ್ಯೇಕವಾಗಿ, ಬೆಂಕಿ ಹರಡದಂತೆ ಕಟ್ಟಬೇಕೆಂಬ ನಿಯಮ ಬಂದುದು ಈ ಕಾರಣದಿಂದ. 1918ರ ಸಿನಿಮಾಟೋಗ್ರಾಫ್ ಕಾಯಿದೆಯು ಮಂದಿರಗಳಿಗೆ ಲೈಸೆನ್ಸನ್ನೂ ಚಿತ್ರಗಳಿಗೆ ಪ್ರಮಾಣಪತ್ರವನ್ನೂ ಕಡ್ಡಾಯ ಮಾಡಿತು. ಪ್ರೇಕ್ಷಕರ ಸುರಕ್ಷತೆ ಮತ್ತು ಸರಕಾರದ ನಿಯಂತ್ರಣ ಎರಡೂ ಒಂದೇ ಕಾಯಿದೆಯಲ್ಲಿ ಸೇರಿದುದನ್ನು ಹಿರಿಯ ತರಗತಿಗಳಲ್ಲಿ ಚರ್ಚಿಸಬಹುದು.

8. ನೆಲ, ಬೆಂಚು, ಕುರ್ಚಿ

ಹಳೆಯ ಮಂದಿರದ ಒಳರಚನೆಯೇ ಒಂದು ಸಮಾಜ ಪಾಠ. ಪರದೆಯ ಹತ್ತಿರ ನೆಲ, ಅದರ ಹಿಂದೆ ಬೆಂಚು, ಎಲ್ಲಕ್ಕಿಂತ ಹಿಂದೆ ಕುರ್ಚಿ. ನೆಲದ ದರ ಅತಿ ಕಡಿಮೆ. ಡೇರೆಗಳಲ್ಲಿ ಹೆಂಗಸರಿಗೆ ಬೇರೆ ಭಾಗ, ಹಲವೆಡೆ ನಡುವೆ ತಡಿಕೆ. ಹುಟ್ಟಿನಿಂದ ಸ್ಥಾನ ನಿರ್ಣಯವಾಗುತ್ತಿದ್ದ ಊರಿನಲ್ಲಿ, ಕೈಯಲ್ಲಿನ ಕಾಸಿನಿಂದ ಸ್ಥಾನ ನಿರ್ಣಯವಾಗುವ ಒಂದು ಜಾಗ ಹುಟ್ಟಿತು. ಇದು ಸಮಾನತೆಯಲ್ಲ, ಆದರೆ ಹಳೆಯ ಅಸಮಾನತೆಯೂ ಅಲ್ಲ. ಎಲ್ಲ ಊರುಗಳಲ್ಲಿಯೂ ಈ ಬದಲಾವಣೆ ಒಂದೇ ಸಮನಾಗಿ ಆಗಲಿಲ್ಲ. ನಮ್ಮ ಊರಿನ ಡೇರೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ಯಾರಿಗೆ ಒಳಗೆ ಬರಲು ಅಳುಕಿತ್ತು ಎಂಬುದನ್ನು ಹಿರಿಯರಿಂದಲೇ ತಿಳಿಯಬೇಕು.

9. ಪದಗಳ ಪಾಠ

ತಮಿಳಿನಲ್ಲಿ ಹಳೆಯ ಚಿತ್ರಮಂದಿರವನ್ನು ‘ಸಿನಿಮಾ ಕೊಟ್ಟಗೈ’ ಎನ್ನುತ್ತಾರೆ. ಕನ್ನಡದ ಮಕ್ಕಳು ಇದನ್ನು ಕೇಳಿ, ದನದ ಕೊಟ್ಟಿಗೆಯಲ್ಲಿ ಸಿನಿಮಾವೇ ಎಂದು ನಗುವುದುಂಟು. ಆ ನಗೆಯನ್ನು ಪಾಠವಾಗಿ ಬಳಸಬಹುದು. ಕೊಟ್ಟಗೈ, ಕೊಟ್ಟಿಗೆ ಎರಡೂ ಒಂದೇ ಮೂಲದ ಪದಗಳು. ಎರಡಕ್ಕೂ ಇಳಿಜಾರು ಮಾಡಿನ ಸರಳ ಕಟ್ಟಡವೆಂಬ ಅರ್ಥದ ಸಂಬಂಧವಿದೆ. ತಗಡು, ತೆಂಗಿನ ಗರಿಗಳ ಮಾಡಿನ ಕೆಳಗೆ ಚಿತ್ರ ತೋರಿಸುತ್ತಿದ್ದುದರ ಗುರುತು ತಮಿಳಿನ ಪದದಲ್ಲಿ ಉಳಿದಿದೆ.

ಹಾಗೆಯೇ ‘ಆಟ’ ಎಂಬ ಪದ. ಬಯಲಾಟ, ದೊಡ್ಡಾಟಗಳ ಆ ಪದವೇ ‘ಮೊದಲನೆಯ ಆಟ’, ‘ಎರಡನೆಯ ಆಟ’ ಎಂದು ಸಿನಿಮಾಕ್ಕೂ ಬಂದಿತು. ತಮಿಳಿನಲ್ಲಿಯೂ ‘ಆಟ್ಟಂ’ ಎಂದೇ ಹೇಳುತ್ತಾರೆ. ಹೊಸ ಯಂತ್ರಕ್ಕೆ ಹಳೆಯ ಪದವನ್ನು ತೊಡಿಸಿ ಜನರು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಬಿಡಾರ, ಪರದೆ, ಕಂಪನಿ, ಪಾಳಿ, ರೀಲು, ಬಾಲ್ಕನಿ ಮುಂತಾದ ಪದಗಳ ಪಟ್ಟಿಯನ್ನು ಮಕ್ಕಳಿಂದ ಮಾಡಿಸಿ, ಯಾವುದು ಯಾವ ಭಾಷೆಯಿಂದ ಬಂದಿತೆಂದು ವಿಂಗಡಿಸಬಹುದು.

10. ಕ್ಷೇತ್ರಕಾರ್ಯ

ದೂರದರ್ಶನ, ವಿಡಿಯೋ, ಅನಂತರ ಡಿಜಿಟಲ್ ಪ್ರದರ್ಶನ, ನೆಲದ ಬೆಲೆಯ ಏರಿಕೆ ಇವುಗಳಿಂದ ಒಂಟಿ ಪರದೆಯ ಮಂದಿರಗಳು ಒಂದೊಂದಾಗಿ ಮುಚ್ಚಿದುವು. ವೆರೈಟಿ ಹಾಲಿನ ಹಳೆಯ ಪರದೆಯ ಮೇಲೂ ಆಟ ನಿಂತಿತು. ಸಣ್ಣ ಊರುಗಳ ಟೂರಿಂಗ್ ಟಾಕೀಸುಗಳಿಗಂತೂ ಕಟ್ಟಡದ ಗುರುತೂ ಇಲ್ಲ. ಡೇರೆ ಬಿಚ್ಚಿದೊಡನೆ ಅದು ಹೊಲವಾಯಿತು. ಅವುಗಳ ಚರಿತ್ರೆ ಇರುವುದು ಮನುಷ್ಯರ ನೆನಪಿನಲ್ಲಿ ಮಾತ್ರ. ಆದುದರಿಂದ ಈ ಕೆಲಸಕ್ಕೆ ಅವಸರವುಂಟು.

*ಯಾರನ್ನು ಕೇಳಬೇಕು:* ಪ್ರೇಕ್ಷಕರನ್ನು ಮಾತ್ರವಲ್ಲ. ಆಪರೇಟರ್, ಗೇಟ್ ಕೀಪರ್, ಪೋಸ್ಟರ್ ಅಂಟಿಸಿದವರು, ಸೈಕಲ್ಲಿನ ಮೇಲೆ ರೀಲು ಸಾಗಿಸಿದವರು, ಗಾಡಿಯಲ್ಲಿ ಕುಳಿತು ಸಾರುತ್ತಿದ್ದವರು, ತಿಂಡಿ ಮಾರಿದವರು ಇವರನ್ನೂ ಹುಡುಕಬೇಕು. ಅಜ್ಜಿಯರನ್ನು ತಪ್ಪದೆ ಕೇಳಬೇಕು. ಹೆಂಗಸರ ಭಾಗದ ಚರಿತ್ರೆ ಅವರಿಗಲ್ಲದೆ ಬೇರೆಯವರಿಗೆ ತಿಳಿಯದು.

*ಏನನ್ನು ಕೇಳಬೇಕು:* ಡೇರೆ ಎಲ್ಲಿತ್ತು? ಟಿಕೆಟಿಗೆ ಎಷ್ಟು? ಆಟ ಆರಂಭವಾಗುವುದು ಹೇಗೆ ತಿಳಿಯುತ್ತಿತ್ತು? ಯಾವ ಭಾಷೆಯ ಚಿತ್ರಗಳು ಬರುತ್ತಿದ್ದುವು? ಯಾರೊಡನೆ ಹೋಗುತ್ತಿದ್ದಿರಿ, ಯಾರೊಡನೆ ಹೋಗುವಂತಿರಲಿಲ್ಲ?

*ಕಾಲನಿರ್ಣಯ ಹೇಗೆ:* ನೆನಪಿನಲ್ಲಿ ಇಸವಿ ಇರುವುದಿಲ್ಲ. ಮದುವೆ, ಬರಗಾಲ, ಚುನಾವಣೆ, ಚಿತ್ರದ ಹೆಸರು ಇರುತ್ತವೆ. ಒಬ್ಬ ಹಿರಿಯರು ‘ಡೇರೆಯಲ್ಲಿ ಬಂಗಾರದ ಮನುಷ್ಯ ನೋಡಿದೆ’ ಎಂದರೆನ್ನಿ. ಆ ಚಿತ್ರ ಬಿಡುಗಡೆಯಾದುದು 1972ರಲ್ಲಿ. ಆದುದರಿಂದ ಅವರು ನೋಡಿದ ಆಟ 1972ಕ್ಕೆ ಹಿಂದಿನದಾಗಿರಲಾರದು. ಆದರೆ ಅದೇ ವರ್ಷದ್ದೆಂದು ಬರೆಯುವಂತಿಲ್ಲ. ಪಟ್ಟಣಗಳಲ್ಲಿ ಓಡಿದ ಪ್ರತಿಗಳು ಡೇರೆಗೆ ಬರುವ ವೇಳೆಗೆ ತಿಂಗಳುಗಳೋ ವರ್ಷಗಳೋ ಕಳೆದಿರುತ್ತಿದ್ದುವು. ‘1972ರ ಬಳಿಕ’ ಎಂದು ಬರೆಯುವುದೇ ಸರಿಯಾದ ಉತ್ತರ. ಇಬ್ಬರ ನೆನಪು ಭಿನ್ನವಾದರೆ ಎರಡನ್ನೂ ಬರೆಯಬೇಕು, ಒಂದನ್ನು ಅಳಿಸಬಾರದು.

*ಎಚ್ಚರಿಕೆ:* ಹಿರಿಯರ ಒಪ್ಪಿಗೆಯಿಲ್ಲದೆ ಧ್ವನಿಮುದ್ರಣ ಮಾಡಬಾರದು. ಅವಮಾನದ ನೆನಪುಗಳನ್ನು ಒತ್ತಾಯಿಸಿ ಕೇಳಬಾರದು. ತಾವಾಗಿ ಹೇಳಿದರೆ ಗೌರವದಿಂದ ಬರೆದುಕೊಳ್ಳಬೇಕು. ಅವರು ತಮಿಳಿನಲ್ಲಿಯೋ ಮನೆಯ ಕನ್ನಡದಲ್ಲಿಯೋ ಬಡಗ ಮಾತಿನಲ್ಲಿಯೋ ಹೇಳಿದುದನ್ನು ಮೊದಲು ಅವರದೇ ಮಾತಿನಲ್ಲಿ ಬರೆದು, ಬಳಿಕ ಗ್ರಂಥಸ್ಥ ಕನ್ನಡದಲ್ಲಿ ಬರೆಯಬೇಕು. ಈ ಎರಡನೆಯ ಬರವಣಿಗೆಯೇ ಭಾಷಾಭ್ಯಾಸ.

11. ಮೌಲ್ಯಮಾಪನ

1. ವೃತ್ತಿ ನಾಟಕ ಕಂಪನಿಗಳಿಗೂ ಬಯಲಾಟಕ್ಕೂ ಇದ್ದ ಮುಖ್ಯ ವ್ಯತ್ಯಾಸಗಳಾವುವು?
2. ಡೇರೆ ಸಿನಿಮಾ ರೈಲುಮಾರ್ಗವನ್ನು ಅನುಸರಿಸಿದುದೇಕೆ?
3. ‘ವೆರೈಟಿ ಹಾಲ್ ದಕ್ಷಿಣ ಭಾರತದ ಮೊದಲ ಚಿತ್ರಮಂದಿರ’ ಎಂಬ ವಾಕ್ಯವನ್ನು ಸರಿಪಡಿಸಿ ಬರೆಯಿರಿ. ಕಾರಣ ಕೊಡಿ.
4. ಮೂಕಚಿತ್ರದಿಂದ ವಾಕ್ಚಿತ್ರಕ್ಕೆ ಬದಲಾದಾಗ ಬಹುಭಾಷಾ ಪಟ್ಟಣವೊಂದರಲ್ಲಿ ಏನೇನು ಬದಲಾಯಿತು? ಮೂರು ಅಂಶಗಳನ್ನು ಬರೆಯಿರಿ.
5. ನಿಮ್ಮ ಊರಿನಲ್ಲಿ ಕಟ್ಟಡ ಹೋಗಿ ಹೆಸರು ಉಳಿದಿರುವ ಒಂದು ಸ್ಥಳವನ್ನು ಕುರಿತು ಒಂದು ಪುಟದ ಪ್ರಬಂಧ ಬರೆಯಿರಿ.

12. ಉಪಸಂಹಾರ

ವಿದ್ಯಾರ್ಥಿಗಳ ಬರಹಗಳನ್ನು ಅಂಕ ಕೊಟ್ಟು ಹಿಂದಿರುಗಿಸಿಬಿಟ್ಟರೆ ಪಾಠ ಅರ್ಧದಲ್ಲಿಯೇ ನಿಂತಂತೆ. ಅವುಗಳನ್ನು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಪ್ರತಿಮಾಡಿಸಿ, ಹೇಳಿದವರ ವಯಸ್ಸು ಹಾಗೂ ಬರೆದ ದಿನಾಂಕವನ್ನು ನಮೂದಿಸಿ, ಶಾಲೆಯ ಗ್ರಂಥಾಲಯದಲ್ಲಿ ಇಡಬೇಕು. ಪ್ರತಿವರ್ಷ ಹೊಸ ತರಗತಿ ಅದಕ್ಕೆ ಕೆಲವು ಪುಟಗಳನ್ನು ಸೇರಿಸಲಿ. ಹತ್ತು ವರ್ಷಗಳ ಬಳಿಕ ಅದು ಆ ಊರಿನ ಬಗೆಗೆ ಕನ್ನಡದಲ್ಲಿರುವ ಒಂದೇ ಬರಹವಾದರೂ ಆಶ್ಚರ್ಯವಿಲ್ಲ. ಆಗ ಆ ಶಾಲೆಯ ಮಗುವಿಗೆ ತನ್ನ ಊರಿನ ಚರಿತ್ರೆಯನ್ನು ತನ್ನ ಭಾಷೆಯಲ್ಲಿ ಓದುವ ಅವಕಾಶ ದೊರೆಯುತ್ತದೆ. ಅದನ್ನು ಬರೆದವರು ತನ್ನದೇ ಬೆಂಚಿನಲ್ಲಿ ಕುಳಿತವರೆಂಬುದೂ ತಿಳಿಯುತ್ತದೆ.